ಮುಳ್ಳುಬೇಲಿಯ ಮೇಲಿಂದ ಉಡಿ ತುಂಬಿದ ದಿನ

ಇದು 2020ರ ಮಾತು. ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿದ್ದಿತ್ತಲ್ಲ, ಅದಾದ ನಾಲ್ಕನೇ ದಿನ. ಆ ವರ್ಷ ಬೇವು-ಬೆಲ್ಲದಲ್ಲಿ ಬೆಲ್ಲ ಎಲ್ಲಿತ್ತೋ ದೇವರಿಗೇ ಗೊತ್ತು.

ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಅರ್ಜಿ ತುಂಬುವುದು, ಆಧಾರ್ ತಿದ್ದಿಸಿಕೊಡುವುದು, ಪಹಣಿ ತೆಗೆದುಕೊಡುವುದು ನನ್ನ ಹೊಟ್ಟೆಪಾಡು. ನಮ್ಮೂರು ಮೋಟೆಬೆನ್ನೂರಿನ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಊರಲ್ಲಿ ಬರೀ ವೀರೇಶ ಎಂದರೆ ‘ಯಾವ ವೀರೇಶ?’ ಎನ್ನುತ್ತಾರೆ. ‘ಅರ್ಜಿ ವೀರೇಶ’ ಎಂದರೆ ನಾಯಿ ಸಹ ಮನೆ ತೋರಿಸುತ್ತದೆ. ಯಾರಿಗೆ ಯಾವ ಕಾಗದ ಬಂದರೂ ನಾನು ಓದಿ ಹೇಳಬೇಕು. ಸುಳ್ಳೇಕೆ ಹೇಳಲಿ, ಅದರ ಸೊಕ್ಕೂ ನನಗೆ ಸ್ವಲ್ಪ ಇತ್ತು.

ಲಾಕ್‌ಡೌನ್ ಆದ ಮರುದಿನವೇ ನಮ್ಮೂರ ಹಿರಿಯರು ಸೇರಿ ಊರ ದಾರಿಗೆ ಜಾಲಿಮುಳ್ಳು ಕಡಿದು ಹಾಕಿಸಿದರು. ಹಿರಿಯ ಬಸಣ್ಣ ಅದರ ಯಜಮಾನ. ಪಾಳಿಯ ಮೇಲೆ ಹತ್ತು ಹನ್ನೆರಡು ಜನ ಕಾವಲು. ಬೋರ್ಡು ಬರೆಯುವ ಕೆಲಸ ಮತ್ತೆ ನನ್ನ ಕೊರಳಿಗೇ ಬಿತ್ತು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬರೆದೆ. ಅಷ್ಟರಲ್ಲಿ ಬಸಣ್ಣನ ಮಗಳೇ ದಾವಣಗೆರೆಯಿಂದ ಬಂದು ಬೇಲಿಯ ಹತ್ತಿರ ನಿಂತಳು, ತುಂಬಿದ ಬಸುರಿ. ಅವಳನ್ನು ಬಿಡದಿರಲು ಯಾರಿಗೆ ಬಾಯಿ ಬರುತ್ತದೆ? ಆಮೇಲೆ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಸೇರಿತು: ‘ಊರ ಹೆಣ್ಣುಮಕ್ಕಳಿಗೆ ಮಾತ್ರ ಬಿಡಲಾಗುವುದು. ಹದಿನಾಲ್ಕು ದಿನ ಶಾಲೆಯಲ್ಲಿ ಇರತಕ್ಕದ್ದು.’ ಅವಳು ಶಾಲೆಯ ಒಂದು ಕೋಣೆಯಲ್ಲಿ ಉಳಿದಳು.

ನಾಲ್ಕನೇ ದಿನ ಮಧ್ಯಾಹ್ನ ಕಾವಲಿಗೆ ನಾನೂ ಇದ್ದೆ. ಬಿಸಿಲೆಂದರೆ ನೆಲಕ್ಕೆ ಕಾಲಿಡುವ ಹಾಗಿರಲಿಲ್ಲ. ಹೆದ್ದಾರಿಯ ಕಡೆಯಿಂದ ಇಬ್ಬರು ಹೆಂಗಸರು ನಡೆದು ಬರುತ್ತಿರುವುದು ಕಂಡಿತು. ಒಬ್ಬಳು ಇಪ್ಪತ್ತೆರಡರ ಹುಡುಗಿ, ಬೆನ್ನಿಗೆ ಚೀಲ. ಅವಳ ಹೆಗಲ ಮೇಲೆ ಕೈಯಿಟ್ಟು ಬರುತ್ತಿದ್ದ ಮುದುಕಿ ಕಾಲು ಮುಚ್ಚುವ ಕಂದು ಅಂಗಿ ತೊಟ್ಟಿದ್ದಳು, ನಡುವಿಗೆ ಬಣ್ಣಬಣ್ಣದ ಪಟ್ಟೆಗಳ ಅರಿವೆ ಕಟ್ಟಿದ್ದಳು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದಳು. ಹತ್ತಿರ ಬಂದ ಕೂಡಲೇ ನಮ್ಮವರು ಮುಖ ನೋಡಿದರು. ನೋಡಿದ್ದೇ ತಡ, “ಏ, ಚೀನಾದವ್ರಪಾ! ಹಿಂದ ಸರೀರಿ!” ಎಂದು ಒಬ್ಬ ಕೂಗಿದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮೂರು ಹೆಜ್ಜೆ.

ಹುಡುಗಿ ಕೈ ಮುಗಿದಳು. “ಅಣ್ಣಾರ, ನಾವು ಚೀನಾದವರಲ್ರಿ. ಟಿಬೆಟಿನವ್ರು. ಇಕಿ ನಮ್ಮಜ್ಜಿ, ಡೋಲ್ಮಾ ಅಂತ. ನಾನು ಪೇಮಾ. ಬೆಂಗಳೂರಾಗ ಅಜ್ಜಿ ಕಣ್ಣಿನ ಆಪರೇಶನ್ ಆಗೇತ್ರಿ. ಕಾಯಿಪಲ್ಲೆ ಲಾರಿಯಾಗ ಬಂದ್ವಿ, ಪೊಲೀಸರು ಅದಾರಂತ ಡ್ರೈವರ್ ಮೋಟೆಬೆನ್ನೂರಿಗಿಂತ ಬಾಳ ಹಿಂದ ಇಳಿಸಿ ಹೋದ. ನಿನ್ನೆಯಿಂದ ನಡ್ಯಾಕತ್ತೇವ್ರಿ. ಹಿಂದಿನ ಊರಾಗ ಕಲ್ಲು ಒಗದ್ರು. ಅಜ್ಜಿ ಕಣ್ಣಾಗ ಧೂಳು ಹೋಗಬಾರದಂತ ಡಾಕ್ಟರ್ ಹೇಳ್ಯಾರ. ಒಂದೀಟು ನೆರಳು ಕೊಡ್ರಿ, ಅಷ್ಟ ಸಾಕು.”

ನಮ್ಮ ಹಾಗೆಯೇ ಮಾತಾಡುವ ಹುಡುಗಿ! ಗುಂಪಿನಲ್ಲಿ ಯಾರೋ, “ಸ್ವೆಟರ್ ಮಾರೋ ಮಂದಿ ಅಲ್ಲೇನಲೇ?” ಎಂದರು. ಇನ್ನೊಬ್ಬ, “ಮಾರಿ ನೋಡು, ಆಮ್ಯಾಲ ಮಾತಾಡು,” ಎಂದ. ಬಸಣ್ಣ ನನ್ನತ್ತ ತಿರುಗಿ, “ವೀರೇಶಾ, ಕಾಗದ ಏನೈತಿ ಕೇಳು,” ಎಂದ. ಮುದುಕಿ ಎದೆಯ ಹತ್ತಿರದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಸಣ್ಣ ಪುಸ್ತಕ ತೆಗೆದು ನೆಲದ ಮೇಲಿಟ್ಟು ದೂರ ಸರಿದಳು. ನಾನು ಕೋಲಿನಿಂದ ಎಳೆದುಕೊಂಡೆ. ಹೌದು, ಕೋಲಿನಿಂದ.

ತೆರೆದರೆ ಮೊದಲ ಪುಟದಲ್ಲಿಯೇ ಇಂಗ್ಲಿಷಿನಲ್ಲಿ ವಿದೇಶಿಯರ ನೋಂದಣಿ ಎಂದು ಅಚ್ಚಾಗಿತ್ತು. ನಾನು ದೊಡ್ಡ ದನಿಯಲ್ಲಿ, “ವಿದೇಶಿ ಅಂತ ಐತಿ,” ಎಂದೆ. ಪುಟ ತಿರುವಿದರೆ ವಿಳಾಸದ ಜಾಗದಲ್ಲಿ ಮುಂಡಗೋಡ ಎಂದಿತ್ತು. ಮುಂಡಗೋಡ ಎಂದರೆ ನಮಗೇನು ಹೊರದೇಶವೇ? ಹಾವೇರಿ, ಬಂಕಾಪುರ ದಾಟಿದರೆ ಮುಂಡಗೋಡ. ಅಲ್ಲಿಯ ಟಿಬೆಟ್ ಕ್ಯಾಂಪು ನಮಗೆಲ್ಲ ಗೊತ್ತು. ಆ ಸಾಲನ್ನು ನಾನು ಓದಿದೆ, ಆದರೆ ಮನಸ್ಸಿನಲ್ಲಿಯೇ. ಬಾಯಿಂದ ಹೊರಗೆ ಬಿಡಲಿಲ್ಲ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: ನನಗೆ ಹೆದರಿಕೆಯಾಗಿತ್ತು. ಅವರು ಹೋದರೆ ಸಾಕಾಗಿತ್ತು.

ಆ ಒಂದು ಶಬ್ದ ಸಾಕಾಯಿತು. “ನೋಡ್ರಿ, ಸರಕಾರನ ಬರದೈತಿ, ವಿದೇಶಿ ಅಂತ! ನಡೀರಿ, ನಡೀರಿ!” ಎಂದು ಗುಂಪು ಕೂಗತೊಡಗಿತು. ಹುಡುಗಿಯ ಮುಖ ಕೆಂಪಾಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಮುದುಕಿ ಅವಳ ಕೈ ಹಿಡಿದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಒಂದೆರಡು ಮಾತು ಹೇಳಿದಳು. “ಬೈಯಾಕತ್ತಾಳ ನೋಡು, ಶಾಪ ಹಾಕಾಕತ್ತಾಳ,” ಎಂದ ನನ್ನ ಪಕ್ಕದವನು. ಅಷ್ಟರಲ್ಲಿ ಮುದುಕಿಯ ಕಾಲು ಸೋತವು. ದಾರಿಯ ನಡುವೆಯೇ ಕುಸಿದು ಕುಳಿತಳು. ನಮ್ಮಲ್ಲಿ ಒಬ್ಬರೂ ನೀರು ಎನ್ನಲಿಲ್ಲ.

ಆಗ ಬಂದಳು ನೋಡಿ ಗಂಗವ್ವ.

ಗಂಗವ್ವ ನಮ್ಮ ಓಣಿಯ ಮುದುಕಿ, ಎಪ್ಪತ್ತರ ಹತ್ತಿರ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿ ಮಾಡಿ ಅವಳ ಬೆರಳು ಯಾವಾಗಲೂ ಕೆಂಪು. ನಾಲಿಗೆ ಅದಕ್ಕಿಂತ ಖಾರ. ನಳದ ಹತ್ತಿರ ಯಾರಾದರೂ ಅವಳ ಪಾಳಿ ತಪ್ಪಿಸಿದರೆ ಏಳು ತಲೆಮಾರಿಗೆ ಮಂಗಳಾರತಿ. ಊರಲ್ಲಿ ಅವಳ ಜೊತೆ ಮಾತು ಬಿಟ್ಟವರ ಪಟ್ಟಿ ದೊಡ್ಡದಿತ್ತು, ಅದರಲ್ಲಿ ನಾನೂ ಇದ್ದೆ. ಅಂಥವಳಿಂದ ಕರುಣೆಯ ಮಾತು ಬರುತ್ತದೆ ಎಂದು ಯಾರೂ ಕನಸಿನಲ್ಲಿಯೂ ನೆನೆಸಿರಲಿಲ್ಲ.

“ಏನಲೇ ಗದ್ದಲ? ಮುದುಕಿ ಬಿದ್ದಾಳ, ಕೋಲು ಹಿಡಕೊಂಡು ನಿಂತೀರಿ? ಹಾವು ಹೊಡ್ಯಾಕತ್ತೀರೇನ?” ಎಂದಳು.

“ಗಂಗವ್ವಾ, ಸುಮ್ನ ಇರು. ಹೊರಗಿನವ್ರು ಅದಾರ,” ಎಂದ ಬಸಣ್ಣ.

“ಹೊರಗಿನಾರು! ನಾನೂ ಹೊರಗಿನಾಕಿನ. ಮೇಡ್ಲೇರಿಯಿಂದ ಬಂದಾಕಿ. ನಿಮ್ಮ ಅವ್ವಗೋಳೆಲ್ಲ ಎಲ್ಲಿಂದ ಬಂದ್ರು? ಈ ಊರ ಭಾವ್ಯಾಗ ಹುಟ್ಟಿದ್ರೇನ? ಎಲ್ಲಾ ಸೊಸಿಗೋಳನ್ನ ಬೇಲಿ ಹೊರಗ ಹಾಕ್ರಿ, ರೊಟ್ಟಿ ಯಾರು ಬಡೀತಾರ ನೋಡೂಣು.”

ಯಾರೋ ನಕ್ಕರು. ಬಸಣ್ಣ ನಗಲಿಲ್ಲ. “ಚ್ಯಾಷ್ಟಿ ಬ್ಯಾಡ ಗಂಗವ್ವಾ. ನನ್ನ ಮಗಳು ಬಸುರಿ ಅದಾಳ. ಸಾಲ್ಯಾಗ ಅದಾಳ. ಇವರು ಬೇನಿ ತಂದಿದ್ರ ಅಕಿ ಗತಿ ಏನು? ನೀ ಜವಾಬ್ದಾರಿ ತಗೋತೀ ಏನು?” ಎಂದ. ಈಗ ನೆನೆಸಿಕೊಂಡರೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಭಯ ಸುಳ್ಳಾಗಿರಲಿಲ್ಲ.

ಗಂಗವ್ವನ ದನಿ ಇಳಿಯಿತು. “ಬಸಣ್ಣಾ, ಬೇನಿ ನೋಡಬ್ಯಾಡ್ರಿ ಅಂದೆನೇನ ನಾನು? ನೋಡ್ರಿ. ಆಶಾ ಹುಡುಗೀನ ಕರೀರಿ. ದೂರ ಇಡ್ರಿ. ಆ ತುದಿ ಕ್ವಾಣ್ಯಾಗ ಇಡ್ರಿ, ಬ್ಯಾರೆ ಕೊಡ ಕೊಡ್ರಿ. ಆದ್ರ ಒಳಗ ಇಟ್ಟು ನೋಡ್ರಿ, ಹೊರಗ ನಿಂದ್ರಿಸಿ ಅಲ್ಲ. ಇಕಿ ಇಲ್ಲೇ ಬಿಸಲಾಗ ಜೀವ ಬಿಟ್ಟು, ಆಮ್ಯಾಲ ಬೇನಿ ಇರಲೇ ಇಲ್ಲ ಅಂತ ಗೊತ್ತಾದ್ರ ಯಾರ ಮುಂದ ಹೋಗಿ ಹೇಳತೀರಿ?”

ಉತ್ತರ ಇಲ್ಲದಾಗ ನಮ್ಮ ಜನ ಏನು ಮಾಡುತ್ತಾರೆ? ಕಾಯ್ದೆ ತೋರಿಸುತ್ತಾರೆ. ಒಬ್ಬ ನಾನು ಬರೆದ ಬೋರ್ಡಿಗೆ ಬೆರಳು ಮಾಡಿ, “ಊರ ಹೆಣ್ಣುಮಕ್ಕಳಿಗೆ ಮಾತ್ರ ಅಂತ ಬರದೈತಿ. ಪಂಚರು ಮಾಡಿದ ಮಾತು. ಇಕಿ ನಮ್ಮೂರ ಮಗಳೇನ?” ಎಂದ.

ಗಂಗವ್ವ ಬೋರ್ಡು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. “ಖರೇನ ಹಂಗ ಬರದೀ ಏನೋ ವೀರೇಶಾ?” ಎಂದು ನನ್ನನ್ನು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಸರಸರ ಮನೆಯ ಕಡೆ ನಡೆದಳು. ಸೋತು ಹೋದಳು ಎಂದುಕೊಂಡೆವು.

ಐದು ನಿಮಿಷದಲ್ಲಿ ತಿರುಗಿ ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಮೇಲೊಂದು ಹಸಿರು ಕುಬಸದ ಖಣ. ಹಿಂದೆ ನನ್ನ ಹೆಂಡತಿ ಶಾಂತಾ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬರುತ್ತಿದ್ದಳು.

ನಮ್ಮ ಕಡೆ ಉಡಿ ತುಂಬುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಮನೆಯಲ್ಲಿ ಹೆಣ್ಣಿನ ಉಡಿ ತುಂಬಿದರೋ ಆ ಮನೆಯ ಮಗಳು ಅವಳು. ಹಾದು ಹೋಗುವ ಬಳೆಗಾರ್ತಿಯ ಉಡಿ ತುಂಬಿ ಸಾಯುವ ತನಕ ತಂಗಿ ಎಂದು ಕರೆದವರು ನಮ್ಮೂರಲ್ಲಿ ಇದ್ದಾರೆ. ಅದನ್ನು ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ.

“ಶಾಂತಾ, ನೀ ತುಂಬು,” ಎಂದು ಗಂಗವ್ವ ಮೊರವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು. ವಿಧವೆಯಲ್ಲವೇ, ಅದಕ್ಕೇ ತಾನು ತುಂಬುತ್ತಿಲ್ಲ ಎಂದುಕೊಂಡೆವು. ಗುಂಪಿನಿಂದ ಒಂದು ದನಿ, “ಆ ಮುದುಕಿ ಮುತ್ತೈದಿ ಹೌದೋ ಅಲ್ಲೋ ಕೇಳೀರೇನು?” ಎಂದಿತು. ಗಂಗವ್ವ ಗರ್ರನೆ ತಿರುಗಿದಳು. “ತವರುಮನಿ ಉಡಿಗೆ ಗಂಡನ್ನ ಕೇಳ್ತಾರೇನೋ ಬಾಡ್ಯಾ? ಚಳಿಗಾಲದಾಗ ನಿನ್ನ ಮಗನ ಮೈಗೆ ಇವರ ಸ್ವೆಟರ್ ಬೇಕು, ಇವರು ಬ್ಯಾಡ!”

ಪೇಮಾ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿ ಎಬ್ಬಿಸಿ ನಿಲ್ಲಿಸಿದಳು. ಮುಂಡಗೋಡದ ಕಡೆ ಬೆಳೆದ ಹುಡುಗಿ, ಅವಳಿಗೆ ಎಲ್ಲ ತಿಳಿಯಿತು. ಮುದುಕಿಗೆ ಸೆರಗಿಲ್ಲ. ಒಂದು ಗಳಿಗೆ ತಡವರಿಸಿ, ನಡುವಿಗೆ ಕಟ್ಟಿದ್ದ ಆ ಪಟ್ಟೆಪಟ್ಟೆಯ ಅರಿವೆಯ ಎರಡೂ ತುದಿ ಹಿಡಿದು ಮುಂದೆ ಒಡ್ಡಿದಳು. ನನ್ನ ಹೆಂಡತಿ ಮುಳ್ಳಿನ ಮೇಲಿಂದ ಕೈ ಚಾಚಿ ಐದು ಬೊಗಸೆ ಅಕ್ಕಿ ಹಾಕಿದಳು. ಖಣ ಹಾಕಿದಳು. ಕೊಬ್ಬರಿ, ಉತ್ತತ್ತಿ ಹಾಕಿದಳು. ಜಾಲಿಮುಳ್ಳು ಅವಳ ಮೊಳಕೈ ಗೀರಿ ರಕ್ತ ಬಂದಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ. ಕಪ್ಪು ಕನ್ನಡಕದ ಕೆಳಗಿನಿಂದ ಮುದುಕಿಯ ಕಣ್ಣೀರು ಇಳಿಯುತ್ತಿತ್ತು. ಅಪ್ಪಾ ದೇವರೇ, ಆಪರೇಶನ್ ಆದ ಕಣ್ಣು!

“ಈಗ ಹೇಳ್ರಿ,” ಎಂದಳು ಗಂಗವ್ವ. “ಊರ ಹೆಣ್ಣುಮಗಳು ತವರಿಗೆ ಬಂದಾಳ. ಹಿಂದ ಮೊಮ್ಮಗಳು ಬಂದಾಳ. ಬೇಲಿ ಯಾರು ತಗೀತೀರಿ?”

ಬಸಣ್ಣ ಬೋರ್ಡನ್ನೂ ನನ್ನನ್ನೂ ನೋಡಿದ. “ಬರದಾಂವ ನೀನ. ಏನಂತೀಯೋ ವೀರೇಶಾ?” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಹೆಂಡತಿಯೂ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ಪುಸ್ತಕ ತೆರೆದೆ. “ಇವರ ವಿಳಾಸ ಮುಂಡಗೋಡ ಅಂತೈತ್ರಿ ಇದರಾಗ,” ಎಂದೆ.

“ಮತ್ತ ಮೊದಲ ಯಾಕ ಹೇಳಲಿಲ್ಲ?” ಎಂದ ಬಸಣ್ಣ.

ನಾನು ತಲೆ ತಗ್ಗಿಸಿದೆ. ಗಂಗವ್ವ ಬಿಡಲಿಲ್ಲ. “ಮುಂಡಗೋಡರ ಇರಲಿ, ಮುಂಬೈಯರ ಇರಲಿ. ಜೀವಾ ಉಳಿಸ್ರಿ ಅಂತ ಬಂದವ್ರಿಗೆ ಊರ ಹೆಸರು ಕೇಳಿ ನೀರು ಕೊಡ್ತಾರೇನ? ತಗೀರಿ ಲಗೂ!” ಎಂದು ಅವಳೇ ಬರಿಗೈಯಲ್ಲಿ ಮುಳ್ಳಿನ ಕೊಂಬೆ ಹಿಡಿದು ಎಳೆಯತೊಡಗಿದಳು. ಇನ್ನೊಂದು ತುದಿ ಹಿಡಿದವನು ಬಸಣ್ಣ. ನಾನಲ್ಲ. ಆ ಮರ್ಯಾದೆಯೂ ನನಗೆ ಸಿಗಲಿಲ್ಲ.

ತಾಲೂಕಿಗೆ ಫೋನು ಮಾಡಿ ತಿಳಿಸಿದೆವು. ‘ಇದ್ದಲ್ಲೇ ಇಡ್ರಿ, ದಿನಾ ನೋಡ್ರಿ’ ಎಂದರು. ಶಾಲೆಯ ಈ ತುದಿಗೆ ಬಸಣ್ಣನ ಮಗಳು, ಆ ತುದಿಗೆ ಅಜ್ಜಿ-ಮೊಮ್ಮಗಳು. ಆಶಾ ಕಾರ್ಯಕರ್ತೆ ದಿನವೂ ಬಂದು ಜ್ವರ ನೋಡುತ್ತಿದ್ದಳು. ರೊಟ್ಟಿ, ಪಲ್ಯ, ಮಜ್ಜಿಗೆ ಓಣಿಯಿಂದ ಹೋಗುತ್ತಿತ್ತು. ಮೂರನೇ ದಿನಕ್ಕೆ ಯಾರ ಮನೆಯದು ಮೊದಲು ಹೋಗಬೇಕು ಎಂದು ಹೆಂಗಸರಲ್ಲಿ ಜಗಳ! ನಮ್ಮ ಮಂದಿ ಹೀಗೆಯೇ ನೋಡಿ. ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ, ಬಿಟ್ಟರೆ ಉಸಿರುಗಟ್ಟುವಷ್ಟು ಉಪಚಾರ.

ನಾನೂ ಹೋಗುತ್ತಿದ್ದೆ. ಅಂಗಳದಲ್ಲಿ ದೂರ ಕೂರುತ್ತಿದ್ದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು, ಅವಳ ಕನ್ನಡ ಅರ್ಧಕ್ಕೆ ನಿಂತರೆ ಪೇಮಾ ಪೂರ್ತಿ ಮಾಡುತ್ತಿದ್ದಳು. ಡೋಲ್ಮಾಗೆ ಆರು ವರ್ಷವಿದ್ದಾಗ ಚೀನಾದ ಸೈನಿಕರ ಬಂದೂಕಿಗೆ ಹೆದರಿ ಮನೆಯವರೆಲ್ಲ ಊರು ಬಿಟ್ಟಿದ್ದರು. ಹಿಮದ ದಾರಿಯಲ್ಲಿಯೇ ಅಪ್ಪ ತೀರಿಕೊಂಡ. ಗಡಿಗೆ ಬಂದರೆ ಕಾವಲಿನವರು ಎರಡು ದಿನ ತಡೆದು ನಿಲ್ಲಿಸಿದರಂತೆ. ಕಾಗದ ಎಲ್ಲಿ ಎಂದರಂತೆ. ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಹತ್ತಿರ ಎಂಥ ಕಾಗದ? ಮೂರನೇ ದಿನ ಮೇಲಿನವರಿಂದ ಬಿಡಿ ಎಂದು ಹೇಳಿಕೆ ಬಂತು. ಕಾವಲಿನವನೊಬ್ಬ ಅವಳ ಕೈಗೆ ಬಿಸಿ ಚಹಾದ ಲೋಟ ಕೊಟ್ಟ.

“ಅಂವ ಬಿಟ್ಟ, ಅದಕ್ಕ ನಾ ಇದ್ದೆ. ನನ್ನ ಮಗಳು ಹುಟ್ಟಿದಳು. ಇಕಿ ಹುಟ್ಟಿದಳು,” ಎಂದು ಅಜ್ಜಿ ಪೇಮಾಳ ತಲೆ ಮುಟ್ಟಿದಳು. “ಯಾವ ದೇಶದ ಗಡಿ ಅದು ಗೊತ್ತೈತಿ? ನಿಮ್ಮದು.”

ನಾನು ಧೈರ್ಯ ಮಾಡಿ ಪೇಮಾಳನ್ನು ಕೇಳಿದೆ, ಅಂದು ಬೇಲಿಯ ಹತ್ತಿರ ಅಜ್ಜಿ ಏನೆಂದು ಬೈದಳು ಎಂದು. ಪೇಮಾಗೆ ಆಶ್ಚರ್ಯವಾಯಿತು. “ಬೈದಿದ್ದು ಅಜ್ಜಿ ಅಲ್ರಿ, ನಾ ಬೈಯಾಕಿ ಇದ್ದೆ. ಅಜ್ಜಿ ಬ್ಯಾಡ ಅಂದ್ಲು. ‘ಇವರು ಕೆಟ್ಟವರಲ್ಲ, ಹೆದರ್ಯಾರ. ಹೆದರಿಕಿ ಅಂದ್ರ ಏನಂತ ನಮಗಿಂತ ಯಾರಿಗೆ ಗೊತ್ತೈತಿ? ನಡಿ, ಮುಂದಿನ ಊರು ನೋಡೂಣು’ ಅಂದ್ಲು.”

ಶಾಲೆಯ ಅಂಗಳದಲ್ಲಿ ಕೂತು ನಾನು ಹೆಂಗಸರ ಹಾಗೆ ಅತ್ತೆ. ನಾಚಿಕೆ ಎಂದರೆ ನಾಚಿಕೆ. ಕೋಲಿನಿಂದ ಅವಳ ಪುಸ್ತಕ ಎಳೆದುಕೊಂಡಿದ್ದೆನಲ್ಲ, ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನ್ನುವಂತಾಯಿತು.

ಹದಿನಾಲ್ಕು ದಿನ ಮುಗಿದವು. ಇಬ್ಬರಿಗೂ ಏನೂ ಆಗಿರಲಿಲ್ಲ. ಪಾಸು ಮಾಡಿಸಿದೆ, ಬಸಣ್ಣ ತನ್ನ ಗಾಡಿಯನ್ನೇ ಕೊಟ್ಟ. ಹೊರಡುವಾಗ ಅವನ ಮಗಳು ತಮ್ಮ ಮನೆಯ ಬಾಗಿಲಲ್ಲಿ ನಿಂತು ದೂರದಿಂದಲೇ ನಮಸ್ಕಾರ ಮಾಡಿದಳು. ಡೋಲ್ಮಾ ಅಜ್ಜಿ ಗಂಗವ್ವನನ್ನು “ಅಕ್ಕಾ” ಎಂದು ಕರೆದಳು. ಗಂಗವ್ವ, “ಪಂಚಮಿಗೆ ಬಾ, ಉಂಡಿ ಕಟ್ಟಿ ಇಟ್ಟಿರ್ತೇನಿ. ಬರದಿದ್ರ ಅಲ್ಲಿಗೇ ಬಂದು ಬೈತೇನಿ ನೋಡು,” ಎಂದಳು. ಆ ವರ್ಷ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಮುಂದಿನ ವರ್ಷದಿಂದ ತಪ್ಪದೆ ಬಂದಳು.

ಈಗ ನನ್ನ ಅಂಗಡಿಯಲ್ಲಿ ಪಾಳಿ ಹಚ್ಚಿ ಕೂತವರು ಮೊಬೈಲು ನೋಡುತ್ತಿರುತ್ತಾರೆ. ಯಾವುದೋ ದೇಶದ ಗಡಿ, ತಂತಿಬೇಲಿ, ಕೂಸು ಎತ್ತಿಕೊಂಡು ನಿಂತ ಹೆಂಗಸರು. “ಇವರನ್ನ ಯಾಕ ಬಿಟ್ಕೋಬೇಕ್ರಿ? ತಮ್ಮ ದೇಶಕ್ಕ ಹೋಗಲಿ,” ಎಂದು ಯಾರಾದರೂ ಅಂದೇ ಅನ್ನುತ್ತಾರೆ. ನಾನು ಪ್ರಿಂಟು ಬಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಪ್ರಾಣಕ್ಕೆ ಹೆದರಿ ಓಡಿಬಂದವರು ಕದ ಬಡಿಯುವುದು ಭಿಕ್ಷೆಯಲ್ಲ, ಅದು ಅವರ ಹಕ್ಕು. ಒಳಗೆ ಕರೆದು ವಿಚಾರಿಸಿ, ಬೇಕಾದ್ದು ಕೇಳಿ, ಆದರೆ ಬೇಲಿಯ ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಕೇಳಬೇಡಿ ಎನ್ನುತ್ತೇನೆ. “ಹಂಗಾರ ನಿಮ್ಮೂರಾಗ ಇಟ್ಕೋರಿ,” ಎಂದು ಒಬ್ಬ ಚುಚ್ಚಿದ. “ಇಟ್ಕೊಂಡಿದ್ವಿ,” ಎಂದೆ.

ಗಂಗವ್ವ ಹೋಗಿ ಎರಡು ವರ್ಷವಾಯಿತು. ಹಾಸಿಗೆ ಹಿಡಿದಿದ್ದಾಗ ಒಂದು ದಿನ ನೋಡಲು ಹೋಗಿದ್ದೆ. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಕೇಳಿದೆ. “ಗಂಗವ್ವಾ, ಅವತ್ತ ನಿನಗ ಒಂಚೂರೂ ಹೆದರಿಕಿ ಆಗಲಿಲ್ಲೇನ?”

ಅವಳು ನನ್ನನ್ನು ಮೂರ್ಖನನ್ನು ನೋಡುವ ಹಾಗೆ ನೋಡಿದಳು. “ಹೆದರದ ಏನ್ಮಾಡ್ಲೋ? ನನಗ ಮೊದಲ ದಮ್ಮು. ಬೇನಿ ಬಂದ್ರ ಮೊದಲ ಹೋಗಾಕಿ ನಾನ. ಕೈ ಹೆಂಗ ನಡಗತಿದ್ವು ಅಂತೀ! ಅಕ್ಕಿ ಚೆಲ್ಲೀತು ಅಂತ ಮೊರ ನಿನ್ನ ಹೆಂಡತಿ ಕೈಯಾಗ ಕೊಟ್ಟೆ.”

ಇಷ್ಟು ದಿನ ಗಂಗವ್ವನಿಗೆ ಹೆದರಿಕೆ ಗೊತ್ತಿಲ್ಲ, ನನಗೆ ಗೊತ್ತಿದೆ, ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನವನ್ನೂ ಮುದುಕಿ ಕಿತ್ತುಕೊಂಡು ಹೋದಳು.